ಹಿರಿಯರ ಬಾಗಿಲಲ್ಲಿ

ಹಿರಿಯರನ್ನು ಕಾಣಬೇಕು, ಅವರೊಡನೆ ಎರಡು ಮಾತನಾಡಬೇಕು ಎಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಆದರೆ ಆ ಹಂಬಲದ ಮೂಲದಲ್ಲಿರುವುದು ಅರಿವಿನ ಹಸಿವೋ, ಹಿರಿಯರ ಪರಿಚಯವುಂಟೆಂದು ಹೇಳಿಕೊಳ್ಳುವ ಆಸೆಯೋ ಎಂಬುದನ್ನು ನಾವು ವಿಚಾರಿಸಿ ನೋಡಬೇಕು. ಹೊರನೋಟಕ್ಕೆ ಇವೆರಡೂ ಒಂದೇ ಆಗಿ ಕಾಣುತ್ತವೆ. ಫಲದಲ್ಲಿ ಬೇರೆ ಬೇರೆ.

ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವುಂಟು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿಯುತ್ತಿದ್ದನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟುಗಳಿಂದಾಗಿ, ಪ್ರಖ್ಯಾತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಸುಯೋಗ ಅವನಿಗೆ ಒದಗಿತು. ವಿಜ್ಞಾನದ ಸೇವೆಗೆ ಸೇರಬೇಕೆಂಬ ಆಸೆಯಿಂದ ಅವನು ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಪತ್ರ ಬರೆದಿದ್ದನು, ಉತ್ತರ ಬರಲಿಲ್ಲ. ಅನಂತರ ಡೇವಿಗೇ ಬರೆದನು. ಪತ್ರದ ಜೊತೆಯಲ್ಲಿ, ಆ ಉಪನ್ಯಾಸಗಳ ಟಿಪ್ಪಣಿಯನ್ನು ವಿಸ್ತರಿಸಿ, ಚಿತ್ರಗಳನ್ನು ಬರೆದು, ತಾನೇ ರಟ್ಟು ಕಟ್ಟಿದ ಸುಮಾರು 300 ಪುಟಗಳ ಹೊತ್ತಗೆಯನ್ನೂ ಕಳುಹಿಸಿದನು. ಡೇವಿ 1812ರ ಡಿಸೆಂಬರ್ 24ರಂದು ಆದರದಿಂದ ಉತ್ತರಿಸಿದನು. 1813ರ ಮಾರ್ಚ್ ತಿಂಗಳಲ್ಲಿ ಫ್ಯಾರಡೆಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದಲ್ಲಿ ಸಹಾಯಕನ ಹುದ್ದೆ ದೊರೆಯಿತು.

ಹೊಗಳುವವರು ಡೇವಿಗೆ ಕಡಿಮೆಯಿರಲಿಲ್ಲ. ಫ್ಯಾರಡೆ ತಂದದ್ದು ಹೊಗಳಿಕೆಯನ್ನಲ್ಲ, ಕೇಳಿದ್ದನ್ನು ಅರಗಿಸಿಕೊಂಡ ಗುರುತನ್ನು.

ಆದರೆ ಸಾನ್ನಿಧ್ಯ ದೊರೆತ ಮೇಲೆ ನಿಜವಾದ ಪರೀಕ್ಷೆ ಮೊದಲಾಗುತ್ತದೆ. ದೂರದಿಂದ ಪರ್ವತ ನುಣ್ಣಗೆ ಕಾಣುತ್ತದೆ. ಹತ್ತಿರ ಹೋದಾಗ ಕಲ್ಲುಮುಳ್ಳು ಕಾಲಿಗೆ ತಾಗುತ್ತವೆ. ಡೇವಿ ದಂಪತಿಗಳೊಡನೆ ಯೂರೋಪಿನ ಪ್ರವಾಸ ಹೋದಾಗ ಫ್ಯಾರಡೆ ಪರಿಚಾರಕನ ಕೆಲಸವನ್ನೂ ಮಾಡಬೇಕಾಯಿತು. ಮುಂದೆ 1823ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಅವನ ಹೆಸರು ಬಂದಾಗ, ಅಧ್ಯಕ್ಷನಾಗಿದ್ದ ಡೇವಿಯೇ ಅದನ್ನು ವಿರೋಧಿಸಿದನು. ಆದರೂ 1824ರಲ್ಲಿ ಫ್ಯಾರಡೆ ಆಯ್ಕೆಯಾದನು.

ವ್ಯಕ್ತಿಯೊಬ್ಬನ ಒಲವನ್ನೇ ಬಯಸಿ ಬಂದವನಾಗಿದ್ದರೆ ಅವನ ಮನಸ್ಸು ಅಂದೇ ಒಡೆದುಹೋಗುತ್ತಿತ್ತು. ಅವನು ಬಂದದ್ದು ವಿದ್ಯೆಗಾಗಿ; ಆದುದರಿಂದ ವಿದ್ಯೆ ಅವನ ಕೈಬಿಡಲಿಲ್ಲ. ಅಯಸ್ಕಾಂತದ ಚಲನೆಯಿಂದ ವಿದ್ಯುತ್ತನ್ನು ಹುಟ್ಟಿಸಬಹುದೆಂದು 1831ರಲ್ಲಿ ಅವನು ತೋರಿಸಿಕೊಟ್ಟನು. ಜೋಗದ ನೀರು ನಮ್ಮ ಮನೆಗಳಲ್ಲಿ ಬೆಳಕಾಗುವುದು ಈ ತತ್ತ್ವದಿಂದಲೇ.

ಇಲ್ಲಿ ಹಿರಿಯರೆನಿಸಿಕೊಂಡವರಿಗೂ ಒಂದು ಪಾಠವಿದೆ. ಬಾಗಿಲಿಗೆ ಬಂದ ಎಲ್ಲರನ್ನೂ ಒಳಗೆ ಕರೆಯುವುದು ಅಸಾಧ್ಯ. ಆದರೆ ಯಾರು ಏನನ್ನು ತಂದಿದ್ದಾರೆಂದು ನೋಡುವಷ್ಟು ತಾಳ್ಮೆ ಅವರಲ್ಲಿರಬೇಕು.

ವಾಚಕರೇ, ನೀವು ಮಹನೀಯರೊಬ್ಬರನ್ನು ಕಾಣಹೋಗುವಾಗ ಹೂಮಾಲೆಯನ್ನು ಒಯ್ದರೂ ಒಯ್ಯದಿದ್ದರೂ ಸರಿಯೇ, ಅವರಿಂದ ನಿಮ್ಮಲ್ಲಿ ಬೆಳೆದುದು ಏನೆಂಬುದನ್ನು ಒಯ್ಯಿರಿ. ಬಾಗಿಲು ತೆರೆಯದೆ ಹೋದರೂ ಅದು ನಿಮ್ಮಲ್ಲಿಯೇ ಉಳಿಯುತ್ತದೆ.