ಮನಸ್ಸಿನ ಸನ್ನಾಹ

ಮಲ್ಲನು ಕಣಕ್ಕಿಳಿಯುವುದಕ್ಕೆ ಮುಂಚೆ, ಗಾಯಕನು ಶ್ರುತಿ ಹಿಡಿಯುವುದಕ್ಕೆ ಮುಂಚೆ, ವಿದ್ಯಾರ್ಥಿಯು ಪ್ರಶ್ನಪತ್ರಿಕೆಯನ್ನು ತೆರೆಯುವುದಕ್ಕೆ ಮುಂಚೆ ಸ್ವಲ್ಪ ಹೊತ್ತಿನ ಒಂದು ಕಾಲವುಂಟು. ಆ ವೇಳೆಗೆ ಅಭ್ಯಾಸವೆಲ್ಲ ಮುಗಿದಿರುತ್ತದೆ. ಕಾರ್ಯವು ಇನ್ನೂ ತೊಡಗಿರುವುದಿಲ್ಲ. ದೇಹಕ್ಕೆ ಆಗ ಕೆಲಸವಿಲ್ಲ. ಮನಸ್ಸಿಗೆ ಮಾತ್ರ ಬಿಡುವಿಲ್ಲ. ವರ್ಷಗಟ್ಟಲೆ ಕೂಡಿಟ್ಟ ವಿದ್ಯೆಯು ಕೈಗೆ ಬರುವುದೂ ಕೈಬಿಟ್ಟುಹೋಗುವುದೂ ಎಷ್ಟೋ ಸಲ ಈ ಅಲ್ಪಕಾಲವನ್ನು ಅವಲಂಬಿಸಿರುತ್ತದೆ. ಆಗ ಮನುಷ್ಯನು ತನ್ನ ಮನಸ್ಸನ್ನು ಯಾವುದರ ಮೇಲೆ ನಿಲ್ಲಿಸತಕ್ಕದ್ದು? ಗೆಲವಿನ ಮೇಲೆಯೆ, ಕೆಲಸದ ಮೇಲೆಯೆ, ಬರಬಹುದಾದ ವಿಘ್ನದ ಮೇಲೆಯೆ? ಈ ಪ್ರಶ್ನೆಯು ಆಟಗಾರರಿಗೆ ಮಾತ್ರ ಸೇರಿದುದೆಂದು ತೋರಬಹುದು. ಆದರೆ ಫಲವನ್ನು ಬಯಸುತ್ತಲೇ ಫಲಕ್ಕೆ ಅಡಿಯಾಳಾಗದೆ ಬಾಳುವುದು ಹೇಗೆಂಬ ಹಳೆಯ ಧರ್ಮಪ್ರಶ್ನೆಯೇ ಇಲ್ಲಿ ಕಿರಿದಾದ ರೂಪದಲ್ಲಿ ಕಾಣಿಸಿಕೊಂಡಿದೆ.

ಗೆಲವನ್ನೇ ಧ್ಯಾನಿಸು, ಗೆದ್ದೆನೆಂದೇ ಭಾವಿಸು, ಆಗ ಗೆಲವು ತಾನಾಗಿ ಒಲಿಯುವುದು ಎಂಬುದು ಇಂದು ಬಹಳವಾಗಿ ಕೇಳಿಬರುವ ಉಪದೇಶ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಸೋಲುವೆನೆಂದು ಮೊದಲೇ ನಿಶ್ಚಯಿಸಿಕೊಂಡವನ ಕೈ ಏಳದು. ಆದರೆ ಗೆಲವಿನ ಕಲ್ಪನೆಯೊಂದೇ ಸನ್ನಾಹವಾಗುವುದಾದರೆ, ವಿರಾಟನ ಮಗನಾದ ಉತ್ತರನಿಗಿಂತ ಸನ್ನದ್ಧನಾದ ವೀರನು ಭಾರತದಲ್ಲಿಯೇ ಇಲ್ಲ. ಕೌರವರು ಗೋವುಗಳನ್ನು ಹಿಡಿದರೆಂಬ ಸುದ್ದಿ ಬಂದಾಗ ಅವನು ಹೆಂಗಸರ ನಡುವೆ ಕುಳಿತು ಭೀಷ್ಮ ದ್ರೋಣಾದಿಗಳನ್ನು ಮಾತಿನಲ್ಲಿಯೇ ಗೆದ್ದುಬಿಟ್ಟನು. ಸಾರಥಿಯಿಲ್ಲವೆಂಬುದೊಂದನ್ನುಳಿದು ಬೇರೆ ಕೊರತೆಯೇ ಅವನಿಗೆ ತೋರಲಿಲ್ಲ. ಬೃಹನ್ನಳೆಯು ಸಾರಥ್ಯಕ್ಕೆ ಒಪ್ಪಿ ರಥವನ್ನು ನಡೆಸಿದ ಮೇಲೆ, ಕಡಲಿನಂತೆ ಹಬ್ಬಿದ್ದ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡಿದನು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಕನ್ನಡಿಗರ ಮನೆಮನೆಯಲ್ಲಿಯೂ ಉಂಟಷ್ಟೆ. ಜನರು ಇದರಲ್ಲಿ ಹೇಡಿತನವನ್ನು ಕಂಡು ನಗುತ್ತಾರೆ. ಆದರೆ ಉತ್ತರನ ದೋಷವು ಹೇಡಿತನವೊಂದೇ ಅಲ್ಲ. ಅವನು ಮನಸ್ಸಿನಲ್ಲಿ ಕಂಡಿದ್ದುದು ಯುದ್ಧದ ಕೊನೆಯನ್ನು ಮಾತ್ರ. ಯುದ್ಧವನ್ನು ಅವನು ಕಂಡಿರಲೇ ಇಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ನಿದರ್ಶನವನ್ನು ನೋಡಬಹುದು. 2008ನೆಯ ಇಸವಿ ಆಗಸ್ಟ್ 13ರಂದು, ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಈಜಿನಲ್ಲಿ ಅಮೆರಿಕದ ಮೈಕೇಲ್ ಫೆಲ್ಪ್ಸ್ ನೀರಿಗೆ ಹಾರಿದ ಮೇಲೆ ಅವರ ಈಜು ಕನ್ನಡಕದೊಳಕ್ಕೆ ನೀರು ತುಂಬತೊಡಗಿತು. ಕಡೆಯ ಭಾಗವನ್ನು ಈಜುವ ಹೊತ್ತಿಗೆ ಕೊಳದ ಗೋಡೆಯೂ ಕಾಣದಾಯಿತು. ಅವರು ತಮ್ಮ ಕೈಬೀಸುಗಳನ್ನು ಎಣಿಸುತ್ತ ಈಜಿ ಗೋಡೆಯನ್ನು ಮುಟ್ಟಿದರು. ತೆಗೆದುಕೊಂಡ ಕಾಲ 1 ನಿಮಿಷ 52.03 ಸೆಕೆಂಡು, ಆಗ ಅದು ವಿಶ್ವದಾಖಲೆ. ಅವರ ಶಿಕ್ಷಕರಾದ ಬಾಬ್ ಬೋಮನ್ ಎಳೆಯ ವಯಸ್ಸಿನಿಂದಲೂ ಅವರಿಗೆ ಒಂದು ಅಭ್ಯಾಸವನ್ನು ಕಲಿಸಿದ್ದರು. ಮಲಗುವ ಮುಂಚೆಯೂ ಎದ್ದೊಡನೆಯೂ ಇಡೀ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲಿಯೇ ಈಜಿ ಮುಗಿಸಬೇಕು. ಎಲ್ಲವೂ ನೇರವಾಗಿ ನಡೆದಂತೆ ಮಾತ್ರವಲ್ಲ, ಕೆಡಬಹುದಾದುದು ಕೆಟ್ಟಂತೆಯೂ ಭಾವಿಸಿ, ಆಗ ಮಾಡತಕ್ಕುದೇನೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಆದುದರಿಂದ ವಿಘ್ನವು ನಿಜವಾಗಿ ಬಂದಾಗ ಅದು ಹೊಸಬನಂತೆ ಬರಲಿಲ್ಲ.

ಅಂಜುಬುರುಕನೂ ವಿಘ್ನಗಳನ್ನೇ ನೆನೆಯುತ್ತಾನಲ್ಲವೆ, ಅವನಿಗೂ ಇವರಿಗೂ ಭೇದವೇನು ಎಂದು ಯಾರಾದರೂ ಕೇಳಬಹುದು. ಭೇದವು ದೊಡ್ಡದು. ಅಂಜುವವನ ಕಲ್ಪನೆಯು ವಿಘ್ನದವರೆಗೆ ಹೋಗಿ ಅಲ್ಲಿಯೇ ಕುಸಿದುಬೀಳುತ್ತದೆ. ಸನ್ನದ್ಧನ ಕಲ್ಪನೆಯು ವಿಘ್ನವನ್ನು ದಾಟಿ, ಆಮೇಲೆ ಮಾಡತಕ್ಕ ಕೆಲಸದವರೆಗೆ ಹೋಗುತ್ತದೆ. ಒಬ್ಬನು ಕೇಡನ್ನು ನೋಡುತ್ತಾನೆ, ಇನ್ನೊಬ್ಬನು ಕೇಡಿನಲ್ಲಿಯೂ ತನ್ನ ಕರ್ತವ್ಯವನ್ನು ನೋಡುತ್ತಾನೆ. ಉತ್ತರನ ಕಲ್ಪನೆ ಸುಖವನ್ನು ಕೊಟ್ಟಿತು. ಈ ಕಲ್ಪನೆಯಾದರೋ ಶ್ರಮವನ್ನು ಬೇಡುತ್ತದೆ.

ಹೀಗಿದ್ದರೂ ಎದೆಬಡಿತವು ನಿಲ್ಲುವುದಿಲ್ಲ, ನಿಲ್ಲಬೇಕಾದುದೂ ಇಲ್ಲ. 1908ನೆಯ ಇಸವಿಯಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಇಲಿಗಳ ಮೇಲೆ ಪ್ರಯೋಗ ನಡೆಸಿ, ಸುಲಭವಾದ ಪಾಠವನ್ನು ಕಲಿಯಲು ತೀವ್ರವಾದ ಪ್ರಚೋದನೆಯು ನೆರವಾಗುವುದೆಂದೂ, ಕಠಿಣವಾದ ಪಾಠಕ್ಕೆ ಮಿತವಾದ ಪ್ರಚೋದನೆಯೇ ಹಿತವೆಂದೂ ಕಂಡರು. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಸಂಶೋಧನೆಯೂ ಇದಕ್ಕೆ ಹತ್ತಿರವಾದುದು. ಹಾಡು, ಭಾಷಣ, ಲೆಕ್ಕ ಇವುಗಳ ಪರೀಕ್ಷೆಗೆ ನಿಂತವರಲ್ಲಿ ತಮ್ಮ ತಳಮಳವನ್ನು ಉತ್ಸಾಹವೆಂದು ಕರೆದುಕೊಂಡವರು, ಶಾಂತವಾಗಿರಲು ಹೆಣಗಿದವರಿಗಿಂತ ಚೆನ್ನಾಗಿ ಮಾಡಿದರು. ದೇಹದ ಕಂಪನ ಎರಡರಲ್ಲಿಯೂ ಒಂದೇ. ಅದಕ್ಕೆ ಇಟ್ಟ ಹೆಸರು ಬೇರೆ. ಕರಾವಳಿಯ ಯಕ್ಷಗಾನದ ಚೌಕಿಯಲ್ಲಿ ಇದೇ ತತ್ತ್ವವು ಬಹುಕಾಲದಿಂದ ಆಚರಣೆಯಲ್ಲಿದೆಯೆನ್ನಬಹುದು. ಗಣಪತಿಯ ಪೂಜೆಯಾದ ಮೇಲೆ ವೇಷಧಾರಿಯು ಕನ್ನಡಿಯ ಮುಂದೆ ಕುಳಿತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ರಾಕ್ಷಸಪಾತ್ರದ ಬಣ್ಣದ ವೇಷವಾದರೆ ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಚುಕ್ಕಿಚುಕ್ಕಿಯಾಗಿ ಇಡುವುದಕ್ಕೆ ಗಂಟೆಗಟ್ಟಲೆ ಹಿಡಿಯುವುದು. ಅತ್ತ ಚೆಂಡೆಯ ಸದ್ದು ಕಿವಿಗೆ ಬೀಳುತ್ತಿರುತ್ತದೆ, ಇತ್ತ ಮುಖವು ಬದಲಾಗುತ್ತಿರುತ್ತದೆ. ಸಭೆಯು ಏನೆನ್ನುವುದೋ ಎಂದು ಯೋಚಿಸುವುದಕ್ಕೆ ಕೈಗೂ ಕಣ್ಣಿಗೂ ಬಿಡುವಿಲ್ಲ. ತಳಮಳವನ್ನು ಅಟ್ಟಿಬಿಡುವುದಲ್ಲ, ಅದಕ್ಕೊಂದು ಕೆಲಸವನ್ನು ಒಪ್ಪಿಸುವುದು ಇಲ್ಲಿಯ ಮರ್ಮ.

ಇಲ್ಲಿಯವರೆಗಿನದು ಉಪಾಯದ ವಿಚಾರ. ಧರ್ಮದ ವಿಚಾರವು ಸೋಲಿನೊಡನೆ ತೊಡಗುತ್ತದೆ. ಅದೇ ಬೀಜಿಂಗ್‌ನಲ್ಲಿ, ಎರಡು ದಿನ ಮೊದಲು, ಆಗಸ್ಟ್ 11ರಂದು, ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಭಾರತದ ಅಭಿನವ್ ಬಿಂದ್ರಾ ಅವರೂ ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಅವರೂ ಕಡೆಯ ಗುಂಡಿಗೆ ಮುಂಚೆ ಸಮಸಮವಾಗಿ ನಿಂತಿದ್ದರು. ಗುರಿಯ ನಡುವಣ ಚುಕ್ಕಿ ಅರ್ಧ ಮಿಲಿಮೀಟರಿನಷ್ಟು. ಬಿಂದ್ರಾ ಅವರ ಕಡೆಯ ಗುಂಡಿಗೆ 10.8 ಅಂಕ ಬಂದಿತು, ಒಟ್ಟು 700.5 ಅಂಕಗಳಿಂದ ಅವರು ಒಲಿಂಪಿಕ್ಸ್‌ನಲ್ಲಿ ವ್ಯಕ್ತಿಗತವಾಗಿ ಸ್ವರ್ಣವನ್ನು ಪಡೆದ ಮೊದಲ ಭಾರತೀಯರಾದರು. ಹಕ್ಕಿನೆನ್ ಅವರಿಗೆ 9.7 ಬಂದು, ಚೀನದ ಝು ಕಿನಾನ್ ಅವರಿಗೂ ಹಿಂದಾಗಿ ಮೂರನೆಯ ಸ್ಥಾನ ದೊರೆಯಿತು. ಮನಸ್ಸನ್ನು ಸಿದ್ಧಮಾಡಿಕೊಂಡವನು ಗೆದ್ದೇ ತೀರುವನೆಂದು ಹೇಳುವವರು ಈ ಮೂರನೆಯವರ ಕಡೆಗೆ ತಿರುಗಿ, ನಿಮ್ಮ ಮನಸ್ಸು ಸಾಲದಾಯಿತು ಎಂದು ಹೇಳಬೇಕಾಗುತ್ತದೆ. ಇದು ಅನ್ಯಾಯ. ಎಂಟು ಮಂದಿ ಸಮಾನ ಶ್ರದ್ಧೆಯಿಂದ ಸಿದ್ಧರಾದರೂ ಮೊದಲನೆಯ ಸ್ಥಾನ ಒಂದೇ. ಬಿಂದ್ರಾ ಅವರೇ 2004ರಲ್ಲಿ ಅಥೆನ್ಸ್‌ನ ಅಂತಿಮ ಸುತ್ತಿನಲ್ಲಿ ಏಳನೆಯವರಾಗಿದ್ದರು. ಸನ್ನಾಹವು ಗೆಲವನ್ನು ಕೊಳ್ಳುವ ಬೆಲೆಯೆಂದು ನಂಬಿದ ಮಗುವು ಸೋತ ದಿನ ತನ್ನನ್ನೇ ಅಪರಾಧಿಯೆಂದು ತಿಳಿಯುವುದು. ಪರೀಕ್ಷೆಯ ಫಲಿತಾಂಶದ ದಿನ ಎಷ್ಟು ಮನೆಗಳಲ್ಲಿ ಈ ನಂಬಿಕೆಯು ಕಣ್ಣೀರಿಗೂ ಅದಕ್ಕಿಂತ ದೊಡ್ಡ ಕೇಡಿಗೂ ಕಾರಣವಾಗಿದೆಯೆಂಬುದು ಗೃಹಸ್ಥರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಹಾಗಾದರೆ ಫಲವನ್ನು ಬಯಸದವನು ಸ್ಪರ್ಧೆಗೆ ನಿಲ್ಲುವುದೇಕೆ ಎಂಬ ಆಕ್ಷೇಪವಿದೆ. ಫಲವನ್ನು ಬಯಸಬಾರದೆಂದಲ್ಲ; ಅದಕ್ಕೆ ತನ್ನ ಕಾಲವುಂಟು. ಅಭ್ಯಾಸದ ದೀರ್ಘ ದಿನಗಳಲ್ಲಿ ನಸುಕಿನಲ್ಲಿ ಎಬ್ಬಿಸುವುದೂ ಬೇಸರವನ್ನು ಕಳೆಯುವುದೂ ಫಲದ ಆಸೆಯೇ. ಆದರೆ ಕಾರ್ಯದ ಗಳಿಗೆ ಬಂದಾಗ ಆ ಆಸೆಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗತಕ್ಕದ್ದು. ಗುರಿಯಿಡುವ ಕಣ್ಣು ಪದಕದ ಮೇಲೆ ಇರಲಾರದು.

ಇನ್ನು ಎದುರಾಳಿಯ ಮಾತು. ಅವನನ್ನು ಶತ್ರುವೆಂದು ಭಾವಿಸಿ ದ್ವೇಷದಿಂದ ಮನಸ್ಸನ್ನು ಕಾಯಿಸಿಕೊಳ್ಳುವುದು ಸುಲಭವಾದ ಮಾರ್ಗ. ಕೆಲವು ಗುರುಗಳೂ ಇದನ್ನು ಬೋಧಿಸುವರು. ದ್ವೇಷದಿಂದ ಬಲವು ಬರಬಹುದು, ವಿವೇಕವು ಬಾರದು. ಗರಡಿಯ ಸಂಪ್ರದಾಯದಲ್ಲಿ ಪೈಲವಾನನು ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎದುರಾಳಿಯ ಕೈಯನ್ನು ಮುಟ್ಟಿದ ಮೇಲೆಯೇ ಕುಸ್ತಿಗೆ ತೊಡಗುತ್ತಾನೆ. ಎದುರಿಗೆ ನಿಲ್ಲುವವನಿಲ್ಲದಿದ್ದರೆ ತನ್ನ ವಿದ್ಯೆಗೆ ಬೆಳಕಿಲ್ಲವೆಂಬ ಅರಿವು ಆ ಸ್ಪರ್ಶದಲ್ಲಿದೆ.

ಉತ್ತರನನ್ನು ಹಿಡಿದು ನಿಲ್ಲಿಸಿ ಧೈರ್ಯ ಹೇಳಿದ ಬೃಹನ್ನಳೆಯೇ ಮುಂದೆ ಕುರುಕ್ಷೇತ್ರದಲ್ಲಿ, ಎರಡು ಸೇನೆಗಳ ನಡುವೆ, ಗಾಂಡೀವವನ್ನು ಕೆಳಗಿಟ್ಟು ಕುಳಿತನು. ಹೊರಗಿನಿಂದ ನೋಡಿದರೆ ಇಬ್ಬರ ಅವಸ್ಥೆಯೂ ಒಂದೇ. ಇಬ್ಬರ ಮೈಯೂ ನಡುಗಿತು. ಆದರೆ ಉತ್ತರನು ತನ್ನಿಂದಾಗುವುದೆ ಎಂದು ನಡುಗಿದನು. ಅರ್ಜುನನು ಇದು ಮಾಡತಕ್ಕುದೆ ಎಂದು ನಡುಗಿದನು. ಮೊದಲನೆಯ ನಡುಕಕ್ಕೆ ಅಭ್ಯಾಸವೂ ಸಾರಥಿಯೂ ಸಾಕು. ಎರಡನೆಯದಕ್ಕೆ ವಿಚಾರವೇ ಬೇಕು. ಅದನ್ನು ಉತ್ಸಾಹದ ಮಾತುಗಳಿಂದ ಅಡಗಿಸಬಾರದು. ಆದುದರಿಂದ ಮನಸ್ಸಿನ ಸನ್ನಾಹವೆಂದರೆ, ಮಾಡಹೊರಟುದು ಯೋಗ್ಯವೆಂಬುದನ್ನು ಮೊದಲೇ ನಿಶ್ಚಯಿಸಿ, ತನ್ನ ಕೈಯಲ್ಲಿರುವುದನ್ನು ಕಡೆಯ ಎಳೆಯವರೆಗೆ ಸಿದ್ಧಪಡಿಸಿ, ಕೈಯಲ್ಲಿಲ್ಲದುದಕ್ಕೆ ತಲೆಬಾಗುವುದು. ಇಷ್ಟು ಮಾಡಿದವನು ಗೆದ್ದರೆ ಉಬ್ಬಲಾರನು. ಸೋತರೆ ಮರುದಿನ ಬೆಳಿಗ್ಗೆ ಮತ್ತೆ ಅಭ್ಯಾಸಕ್ಕೆ ನಿಲ್ಲಬಲ್ಲನು.