ಬೇಡವೆನ್ನುವ ಸ್ವಾತಂತ್ರ್ಯ

ಮದುವೆಯ ಆರತಕ್ಷತೆಯೊಂದರಲ್ಲಿ ಇಪ್ಪತ್ತೆರಡು ವರ್ಷದ ತರುಣನೊಬ್ಬನ ಮುಂದೆ ಮದ್ಯದ ಲೋಟ ಬಂದಿತೆಂದು ಭಾವಿಸಿ. ಆತ ಅದನ್ನು ಕೈಗೆತ್ತಿಕೊಂಡರೆ ಯಾರೂ ಕಾರಣ ಕೇಳುವುದಿಲ್ಲ. 'ಬೇಡ' ಎಂದರೆ ಮಾತ್ರ ಮೇಜಿನ ಸುತ್ತ ಕುಳಿತ ಎಲ್ಲರಿಗೂ ಕಾರಣ ಬೇಕಾಗುತ್ತದೆ. ಆಗ ಆತ ಕೊಡುವ ಉತ್ತರಗಳನ್ನು, ಪ್ರಿಯ ಓದುಗರೇ, ನೀವೂ ಕೇಳಿರುತ್ತೀರಿ: ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ, ಗಾಡಿ ಓಡಿಸಬೇಕು, ನಾಳೆ ಬೆಳಿಗ್ಗೆ ಬೇಗ ಏಳಬೇಕು. ಇವುಗಳಲ್ಲಿ ಎಷ್ಟೋ ಸುಳ್ಳುಗಳು. ಕುಡಿಯದಿರಲು ಒಬ್ಬ ಯುವಕ ಸುಳ್ಳು ಹೇಳಬೇಕಾಗಿ ಬಂದಿದೆ ಎಂದರೆ ಅದು ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. ಮದ್ಯಪಾನ ಪಾಪವೇ ಅಲ್ಲವೇ ಎಂಬ ಹಳೆಯ ವಾದಕ್ಕಿಂತ ಈ ಸಣ್ಣ ಸುಳ್ಳೇ ನನ್ನನ್ನು ಹೆಚ್ಚು ಕಾಡುತ್ತದೆ.

ನಮ್ಮ ತಂದೆ, ತಾತಂದಿರ ಕಾಲದಲ್ಲಿ ಕುಡಿತಕ್ಕೆ ಎರಡು ಮುಖಗಳಿದ್ದವು. ದುಡಿಯುವವರ ಕೇರಿಯಲ್ಲಿ ಅದು ಬೀದಿಗೇ ಬಿದ್ದಿತ್ತು. ಓದುಬರಹ ಬಲ್ಲವರ ಮನೆಯಲ್ಲಿ ಬೀರುವಿನೊಳಗೆ ಅಡಗಿತ್ತು. ಎರಡು ಕಡೆಯೂ ಅದಕ್ಕೆ ನಾಚಿಕೆಯ ಲೇಪವಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಎಷ್ಟೋ ಬಡ ಕುಟುಂಬಗಳ ಊಟವನ್ನು ಕಸಿದಿದ್ದ ಆ ಪ್ಯಾಕೆಟ್ಟುಗಳು ಅಂಗಡಿಗಳಿಂದ ಮರೆಯಾದವು, ಕುಡಿತ ಮರೆಯಾಗಲಿಲ್ಲ. ಅದೇ ವರ್ಷಗಳಲ್ಲಿ ಅದು ನಗರದ ಯುವಜನರ ನಡುವೆ ಮತ್ತೊಂದು ವೇಷ ಧರಿಸಿ ನಿಂತಿತು. ಇಂದು ಯುವಕನಿಗೆ ಮೊದಲ ಲೋಟ ನೀಡುವವನು ಊರಿನ ಪುಂಡನಲ್ಲ. ಕಚೇರಿಯಲ್ಲಿ ಅವನಿಗೆ ಕೆಲಸ ಕಲಿಸುವ ಹಿರಿಯ ಸಹೋದ್ಯೋಗಿ, ಬಾಡಿಗೆ ಮನೆಯಲ್ಲಿ ಜೊತೆಗಿರುವ ಒಳ್ಳೆಯ ಗೆಳೆಯ, ಕೆಲವೊಮ್ಮೆ ಸ್ವಂತ ಚಿಕ್ಕಪ್ಪ. ಸಂಬಳ ಹೆಚ್ಚಾದರೂ, ಕೆಲಸ ಹೋದರೂ, ಹುಟ್ಟುಹಬ್ಬ ಬಂದರೂ, ಕೊನೆಗೆ ಶುಕ್ರವಾರ ಬಂದರೂ ಅದೇ ಲೋಟ. ಯುವತಿಯರೂ ಈ ವಲಯದೊಳಗೆ ಬಂದಿದ್ದಾರೆ. ಇದನ್ನು ಕಂಡು ಹುಡುಗಿಯರಿಗಾಗಿಯೇ ಪ್ರತ್ಯೇಕ ಉಪದೇಶ ಸಿದ್ಧಪಡಿಸುವ ಹಿರಿಯರು ಗಂಡುಮಕ್ಕಳ ಕುಡಿತವನ್ನು ಅಷ್ಟು ವರ್ಷ ನಕ್ಕು ಸಹಿಸಿಕೊಂಡದ್ದೇಕೆ ಎಂಬುದಕ್ಕೂ ಉತ್ತರ ಹೇಳಬೇಕಾಗುತ್ತದೆ.

'ಈಗ ಎಲ್ಲರೂ ಕುಡಿಯುತ್ತಾರೆ' ಎಂಬ ಮಾತನ್ನು ಯುವಜನರ ಬಾಯಲ್ಲಿ ಪದೇ ಪದೇ ಕೇಳುತ್ತೇವೆ. ಇದು ನಿಜವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 19 ಮಂದಿ, ಹೆಂಗಸರಲ್ಲಿ ನೂರಕ್ಕೆ ಸುಮಾರು ಒಬ್ಬರು ಮದ್ಯ ಸೇವಿಸುತ್ತಾರೆ. ಸಮೀಕ್ಷೆಯವರ ಮುಂದೆ ನಿಜ ಮುಚ್ಚಿಟ್ಟವರನ್ನು ಲೆಕ್ಕಕ್ಕೆ ಸೇರಿಸಿಕೊಂಡರೂ ಕುಡಿಯದವರೇ ಬಹುಸಂಖ್ಯಾತರು. ಹಾಗಿದ್ದೂ ಬಹುಸಂಖ್ಯಾತನಾದವನು ತಾನೊಬ್ಬನೇ ಎಂದು ಭಾವಿಸಿ ಕುಗ್ಗುತ್ತಾನೆ. ಈ ಭ್ರಮೆ ತಾನಾಗಿ ಹುಟ್ಟಿದ್ದಲ್ಲ. ಮದ್ಯದ ಜಾಹೀರಾತಿಗೆ ದೂರದರ್ಶನದಲ್ಲಿ ನಿಷೇಧವಿರುವುದರಿಂದ ಅದೇ ಹೆಸರಿನ ಸೋಡಾ, ಅದೇ ಹೆಸರಿನ ನೀರಿನ ಬಾಟಲಿ ಪರದೆಯ ಮೇಲೆ ಬರುತ್ತವೆ. 2008ರಲ್ಲಿ ಐಪಿಎಲ್ ಕ್ರಿಕೆಟ್ ಆರಂಭವಾದಾಗ ನಮ್ಮ ಬೆಂಗಳೂರಿನ ತಂಡಕ್ಕೆ ಹೆಸರು ಬಂದದ್ದೇ ಒಂದು ವಿಸ್ಕಿಯಿಂದ. ಅದನ್ನು ಪುಟ್ಟ ಮಕ್ಕಳೂ ಪ್ರೀತಿಯಿಂದ ಕೂಗುತ್ತಾರೆ. ಸರ್ಕಾರದ ಬೊಕ್ಕಸಕ್ಕೂ ಈ ಭ್ರಮೆ ಅನಾನುಕೂಲವೇನಲ್ಲ. 2024–25ರಲ್ಲಿ ನಮ್ಮ ರಾಜ್ಯಕ್ಕೆ ಅಬಕಾರಿಯಿಂದ ಬಂದ ಆದಾಯ 35 ಸಾವಿರ ಕೋಟಿ ರೂಪಾಯಿಗಳನ್ನು ದಾಟಿತು. 2023ರ ಜನವರಿಯಲ್ಲಿ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡೊಂದು ಹೊರಬಂದು, ಜನರ ವಿರೋಧದಿಂದ ಹಿಂದೆ ಸರಿದದ್ದು ನಿಮಗೆ ನೆನಪಿರಬಹುದು.

ಇತ್ತ ನಾವು ಹೀಗಿರುವಾಗ ಪಶ್ಚಿಮದಿಂದ ಬೇರೊಂದು ಸುದ್ದಿ ಬರುತ್ತಿದೆ. ಅಮೆರಿಕದ ಗ್ಯಾಲಪ್ ಸಂಸ್ಥೆ 2025ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ತಾವು ಮದ್ಯ ಸೇವಿಸುತ್ತೇವೆ ಎಂದ ವಯಸ್ಕರು ನೂರಕ್ಕೆ 54 ಮಾತ್ರ. ಆ ಸಂಸ್ಥೆ ಈ ಪ್ರಶ್ನೆ ಕೇಳಲಾರಂಭಿಸಿದ 1939ರಿಂದ ಈಚೆಗೆ ಇದೇ ಅತಿ ಕಡಿಮೆ. 18ರಿಂದ 34ರ ಹರೆಯದವರಲ್ಲಿ ಇದು ಅರ್ಧಕ್ಕೆ ಇಳಿದಿದೆ. ಯಾವ ದೇಶದ ಯುವಜನರನ್ನು ನೋಡಿ ನಮ್ಮವರು ಲೋಟ ಹಿಡಿಯಲು ಕಲಿತರೋ ಅಲ್ಲಿಯ ಯುವಜನರೇ ಅದನ್ನು ಕೆಳಗಿಡುತ್ತಿದ್ದಾರೆ! ಮದ್ಯವು ಕ್ಯಾನ್ಸರಿಗೆ ಕಾರಣವೆಂದು 1988ರಷ್ಟು ಹಿಂದೆಯೇ ಅಂತರರಾಷ್ಟ್ರೀಯ ತಜ್ಞರು ವರ್ಗೀಕರಿಸಿದ್ದರು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ತಿಳಿಸಿತು. ಅಲ್ಲಿಯ ಯುವಕರು ಇದನ್ನು ಕಿವಿಗೆ ಹಾಕಿಕೊಂಡಂತಿದೆ. ಜೊತೆಗೆ ಖರ್ಚಿನ ಚಿಂತೆಯಿದೆ, ದೇಹದ ಕಾಳಜಿಯಿದೆ, ಅಮಲಿನಲ್ಲಿರುವಾಗ ಯಾರಾದರೂ ಚಿತ್ರ ತೆಗೆದುಬಿಟ್ಟಾರೆಂಬ ಭಯವೂ ಇದೆ.

ಹಾಗಾದರೆ ಇದನ್ನು ಸದ್ಗುಣವೆನ್ನಬಹುದೇ? ಸೊಂಟದ ಸುತ್ತಳತೆಗೆ ಹೆದರಿ ಕುಡಿಯದವನು ಸಂಯಮಿಯೇ? ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಬಹಳ ಸಮಾಧಾನದಿಂದ ಚರ್ಚಿಸಿದ್ದಾರೆ. ಅವರ ದೃಷ್ಟಿಯಲ್ಲಿ ದ್ರಾಕ್ಷಾರಸ ತನ್ನಷ್ಟಕ್ಕೆ ನಿಷಿದ್ಧವಲ್ಲ. ಒಳಿತನ್ನು ಆರಿಸಿ ಕೆಡುಕನ್ನು ದೂರವಿಡಲು ದೇವರು ಕೊಟ್ಟ ವಿವೇಚನೆಯನ್ನು ಮನುಷ್ಯ ತಿಳಿದೂ ತಿಳಿದೂ ತಾನೇ ಕಳೆದುಕೊಳ್ಳುವುದರಲ್ಲಿ ಅಮಲಿನ ಪಾಪವಿದೆ. ಕುಡಿತದ ಬಗೆಗಿನ ಸಂಯಮ ಯಾರಿಗೆ ಹೆಚ್ಚು ಅಗತ್ಯವೆಂದು ಹೇಳುವಾಗ ಅವರು ಯುವಜನರನ್ನು ಹೆಸರಿಸುತ್ತಾರೆ. ಇತರರಿಗೆ ಬೋಧಿಸಬೇಕಾದ ಹಿರಿಯರನ್ನೂ ಧರ್ಮಾಧ್ಯಕ್ಷರನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ನಾವು ಮರೆಯಬಾರದು. ಆದ್ದರಿಂದ ಭಯದಿಂದ ಬಿಟ್ಟವನನ್ನು ಹೀಗಳೆಯುವುದು ನನಗೆ ಸರಿಕಾಣದು. ಉಳಿದ ಯಕೃತ್ತು ಉಳಿದದ್ದೇ, ಅಪಘಾತವಾಗದೆ ಮನೆ ಸೇರಿದ ಮಗ ಸೇರಿದವನೇ. ಆದರೆ ಭಯಕ್ಕೆ ಬಿಟ್ಟದ್ದು ಭಯ ಹೋದೊಡನೆ ಹಿಂದಿರುಗಬಹುದು. ನಮ್ಮ ತಪಸ್ಸುಕಾಲವನ್ನೇ ನೋಡಿ. ವಿಭೂತಿ ಬುಧವಾರದಿಂದ ಲೋಟ ಮುಟ್ಟದ ಎಷ್ಟೋ ಗಂಡಸರು ಪುನರುತ್ಥಾನದ ಹಬ್ಬದ ಮಧ್ಯಾಹ್ನ ಇಡೀ ಬಾಕಿಯನ್ನು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾರೆ. ಆ ನಲವತ್ತು ದಿನ ಅವರು 'ಬೇಡ' ಎಂದಾಗ ಯಾರೂ ಕಾರಣ ಕೇಳಿರಲಿಲ್ಲ, ಎಲ್ಲರೂ ಗೌರವಿಸಿದ್ದರು. ಹಬ್ಬ ಕಳೆದ ಮರುದಿನವೇ ಆ ಗೌರವ ಎಲ್ಲಿಗೆ ಹೋಗುತ್ತದೆ?

ಕ್ರೈಸ್ತರಾದ ನಮಗೆ ಮದ್ಯದ ವಿಷಯದಲ್ಲಿ ಮಾತನಾಡುವುದು ಸುಲಭವಲ್ಲ. ಪೂಜಾಪೀಠದ ಮೇಲೆ ದ್ರಾಕ್ಷಾರಸವಿದೆ. ಯೇಸುಸ್ವಾಮಿ ತಮ್ಮ ಮೊದಲ ಅದ್ಭುತವನ್ನು ಕಾನಾ ಊರಿನ ಮದುವೆಯಲ್ಲಿ, ಅದೂ ಆರು ಕಲ್ಲಿನ ಬಾನೆಗಳಷ್ಟು ಧಾರಾಳವಾಗಿ ನಡೆಸಿದರು. ಕಾನಾದ ಹೆಸರು ಹೇಳಿ ಲೋಟ ತುಂಬಿಸಿಕೊಳ್ಳುವವರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಅವರು ಗಮನಿಸದ ಸಂಗತಿಯೊಂದಿದೆ: ಅಂದು ಪ್ರಭು ಕಾಪಾಡಿದ್ದು ಬಡ ಮನೆಯೊಂದರ ಮಾನವನ್ನು. ನೆರೆದವರ ಮುಂದೆ ಯಾರೂ ಅವಮಾನಕ್ಕೊಳಗಾಗಬಾರದು ಎಂಬುದೇ ಅಲ್ಲಿ ಮಾತೆ ಮರಿಯಮ್ಮನವರ ಕಳಕಳಿಯಾಗಿತ್ತು. ಸಂತ ಪೌಲರೂ ಇದೇ ಜಾಡಿನಲ್ಲಿ ನಡೆಯುತ್ತಾರೆ. ಹೊಟ್ಟೆನೋವಿನ ತಿಮೊಥೇಯನಿಗೆ ಸ್ವಲ್ಪ ದ್ರಾಕ್ಷಾರಸ ಸೇವಿಸೆಂದು ಸಲಹೆ ಮಾಡಿದ ಅವರೇ ರೋಮಿನವರಿಗೆ ಬರೆಯುವಾಗ, ನನ್ನ ಲೋಟದಿಂದ ನನ್ನ ಸಹೋದರ ಎಡವುವಂತಿದ್ದರೆ ಅದನ್ನು ಬಿಡುವುದೇ ಲೇಸೆನ್ನುತ್ತಾರೆ. ಅವರ ಕಣ್ಣು ಲೋಟದ ಮೇಲಿಲ್ಲ, ಪಕ್ಕದಲ್ಲಿ ಕುಳಿತವನ ಮೇಲಿದೆ. ನಾವು ಬಲವಂತವನ್ನು ಆತಿಥ್ಯವೆಂದು ಕರೆಯುವಾಗ ಪಕ್ಕದಲ್ಲಿ ಕುಳಿತವನು ನಮ್ಮ ಕಣ್ಣಿಗೆ ಬೀಳುತ್ತಿಲ್ಲ.

ಚಟ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಸಂತ ಅಗಸ್ಟೀನರು ತಮ್ಮ ತಾಯಿ ಸಂತ ಮೋನಿಕಾರವರ ಬಾಲ್ಯದಿಂದ ಒಂದು ಘಟನೆಯನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮನೆಯವರು ಆ ಹುಡುಗಿಯನ್ನು ನಂಬಿ ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳುಹಿಸುತ್ತಿದ್ದರು. ಪಾತ್ರೆಗೆ ಸುರಿಯುವ ಮುನ್ನ ಆಕೆ ತುಟಿಗೆ ತಗಲುವಷ್ಟು ಹೀರುತ್ತಿದ್ದಳು. ರುಚಿಯ ಆಸೆಗಲ್ಲ, ಹರೆಯದ ತುಂಟತನಕ್ಕೆ. ದಿನಕ್ಕೊಂದು ಗುಟುಕು ಹೆಚ್ಚುತ್ತಾ ಕಡೆಗೆ ಪುಟ್ಟ ಬಟ್ಟಲು ತುಂಬುವಷ್ಟಾಯಿತು. ಮನೆಯಲ್ಲಿ ಶಿಸ್ತಿನ ವೃದ್ಧ ದಾದಿಯಿದ್ದಳು. ಊಟದ ಹೊತ್ತಿನಲ್ಲದೆ ನೀರನ್ನೂ ಕುಡಿಯಗೊಡುತ್ತಿರಲಿಲ್ಲ; ಈಗ ನೀರಿಗೆ ಸೋತ ಬಾಯಿ ನಾಳೆ ಮನೆಯ ಒಡತಿಯಾಗಿ ಉಗ್ರಾಣದ ಬೀಗದ ಕೈ ಸಿಕ್ಕಾಗ ದ್ರಾಕ್ಷಾರಸಕ್ಕೆ ಸೋಲುತ್ತದೆ ಎಂಬುದು ಆಕೆಯ ವಾದ. ಆ ದಾದಿಗೂ ಈ ಗುಟ್ಟು ತಿಳಿಯಲಿಲ್ಲ. ಬಿಡಿಸಿದವಳು ಜೊತೆಗೆ ಹೋಗುತ್ತಿದ್ದ ಸೇವಕಿ. ಒಂದು ದಿನ ಜಗಳದಲ್ಲಿ ಸಿಟ್ಟಿನಿಂದ 'ಕುಡುಕಿ' ಎಂದು ಜರೆದಳು. ಆ ಮಾತು ಚುಚ್ಚಿತು. ಮೋನಿಕಾ ಅಂದೇ ಬಿಟ್ಟಳು. ಸೇವಕಿಗೆ ತನ್ನ ಯಜಮಾನತಿಯನ್ನು ತಿದ್ದುವ ಉದ್ದೇಶವೇ ಇರಲಿಲ್ಲ, ನೋಯಿಸಬೇಕಿತ್ತಷ್ಟೇ ಎಂದು ಅಗಸ್ಟೀನರು ಹೇಳುತ್ತಾರೆ.

ಈ ಕಥೆಯನ್ನು ಬಯ್ಗುಳಕ್ಕೆ ಪರವಾನಗಿಯೆಂದು ತಿಳಿಯುವುದು ಬೇಡ. ಬಟ್ಟಲಿನ ಹಂತ ದಾಟಿ ಹೋದವರನ್ನು ಜರೆಯುವುದರಿಂದ ಅವರು ಬಾಟಲಿಯ ಕಡೆಗೇ ಇನ್ನಷ್ಟು ಸರಿಯುವುದನ್ನು ಹೆಂಡತಿಯರೂ ತಾಯಂದಿರೂ ಬಲ್ಲರು. ಮದ್ಯವ್ಯಸನ ಚಿಕಿತ್ಸೆ ಬೇಕಾದ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕಾಗಿಯೇ ವಿಭಾಗವಿದೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ವ್ಯಸನಿಗಳ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗ ನಮ್ಮ ನಗರಗಳಲ್ಲೂ ಸಭೆ ಸೇರುತ್ತದೆ. ಅಲ್ಲಿ ಯಾರೂ ಯಾರನ್ನೂ ಜರೆಯುವುದಿಲ್ಲ. ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ.

ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಗಾರ ಮ್ಯಾಟ್ ಟಾಲ್ಬಟ್‌ಗೆ ಅಂತಹ ಬಳಗವೂ ಇರಲಿಲ್ಲ. 1856ರಲ್ಲಿ ಹುಟ್ಟಿದ ಆತ ಹನ್ನೆರಡರ ಹರೆಯದಲ್ಲಿ ಮದ್ಯದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ಕುಡಿತ ಕಲಿತರು. 1884ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಒಂದು ದಿನ ಕೈಯಲ್ಲಿ ಕಾಸಿಲ್ಲದೆ ಪಾನಗೃಹದ ಹೊರಗೆ ನಿಂತು, ತಮ್ಮ ದುಡ್ಡಿನಲ್ಲಿ ಕುಡಿದಿದ್ದ ಗೆಳೆಯರು ಕರೆದಾರೆಂದು ಕಾದರು. ಒಬ್ಬರೂ ಕರೆಯಲಿಲ್ಲ. ಮನೆಗೆ ಹೋಗಿ ಕುಡಿತ ಬಿಡುವ ಪ್ರತಿಜ್ಞೆ ಮಾಡುತ್ತೇನೆಂದು ತಾಯಿಗೆ ತಿಳಿಸಿದರು. ಮೊದಲು ಮೂರೇ ತಿಂಗಳಿಗೆ. ನಂತರ ಅದನ್ನು ಮುಂದುವರಿಸುತ್ತಾ ಬದುಕಿನ ಕೊನೆಯವರೆಗೆ ನಡೆಸಿದರು. 1925ರ ಜೂನ್ 7ರಂದು ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಮೃತಪಟ್ಟ ಅವರನ್ನು 1975ರಲ್ಲಿ ಪೋಪ್ ಆರನೇ ಪೌಲರು 'ಪೂಜ್ಯ'ರೆಂದು ಸಾರಿದರು. ಪ್ರತಿಜ್ಞೆಯ ಆ ಮೊದಲ ತಿಂಗಳುಗಳಲ್ಲಿ ಸಂಜೆಯ ಹೊತ್ತು ಗೆಳೆಯರಿಂದಲೂ ಪಾನಗೃಹಗಳಿಂದಲೂ ದೂರವಿರಲು ಅವರು ತೆರೆದಿದ್ದ ದೇವಾಲಯಗಳಲ್ಲಿ ಹೋಗಿ ಕೂರುತ್ತಿದ್ದರು.

ನಿಮ್ಮ ಊರಿನಲ್ಲಿ ಸಂಜೆ ಏಳರ ಮೇಲೆ, ಏನನ್ನೂ ಕೊಳ್ಳದೆ, ನಾಲ್ವರು ತರುಣರು ಕುಳಿತು ಮಾತನಾಡಬಹುದಾದ ಜಾಗ ಯಾವುದು? ದೇವಾಲಯದ ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ? ಮದುವೆಗೆ ಬಾಡಿಗೆ ಕೊಡುವ ನಮ್ಮ ಸಭಾಂಗಣ ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತದೆಯಲ್ಲ, ಆ ಬೀಗದ ಕೈ ಯಾರ ಬಳಿಯಿದೆ?