ಹಳೆಯದೆಂಬ ತೀರ್ಪು

ಒಂದು ವಸ್ತುವನ್ನು ‘ಹಳೆಯದು’ ಎಂದಾಗ ನಾವು ಅದರ ವಯಸ್ಸನ್ನಷ್ಟೇ ಹೇಳುತ್ತೇವೆಯೋ, ಅದರ ಮೇಲೆ ತೀರ್ಪನ್ನೂ ಕೊಟ್ಟುಬಿಡುತ್ತೇವೆಯೋ? ಅಜ್ಜಿಯ ಕಾಲದ ಒರಳುಕಲ್ಲನ್ನು ಹಳೆಯದೆಂದರೆ ಆ ಮಾತಿನಲ್ಲಿ ಅಭಿಮಾನ ಬೆರೆತಿರುತ್ತದೆ. ಹತ್ತು ವರ್ಷದ ಕಂಪ್ಯೂಟರನ್ನು ಹಳೆಯದೆಂದರೆ ಅದು ಗುಜರಿಗೆ ಸಲ್ಲತಕ್ಕದ್ದೆಂದೇ ಅರ್ಥ.

ಕಂಪ್ಯೂಟರಿನ ಮೇಲಿನ ದೂರು ಬಹುತೇಕ ಒಂದೇ ಬಗೆಯದು. ಗುಂಡಿಯೊತ್ತಿ, ಕಾಫಿ ಕುಡಿದು ಬಂದರೂ ಅದಿನ್ನೂ ಕಣ್ಣು ಬಿಡುತ್ತಿರುತ್ತದೆ. ಕಡತ ತೆರೆಯೆಂದರೆ ಒಳಗೆ ಗರಗರ ಸದ್ದಾಗುತ್ತದೆಯೇ ಹೊರತು ಕಡತ ಬರುವುದಿಲ್ಲ. ‘ಇದರ ಕಾಲ ಮುಗಿಯಿತು’ ಎಂದು ಮನೆಯವರೆಲ್ಲ ಒಪ್ಪುತ್ತಾರೆ. ‘ಮಿಲಿಂದಪನ್ಹ’ದಲ್ಲಿ ಭಿಕ್ಷು ನಾಗಸೇನನು ಯವನ ದೊರೆಯನ್ನು, ರಥವೆಂಬುದು ಯಾವುದು, ಅಚ್ಚೋ ಗಾಲಿಯೋ ನೊಗವೋ ಎಂದು ಕೇಳಿ ಕಂಗೆಡಿಸುತ್ತಾನೆ. ಅವನದು ಆತ್ಮವಿಚಾರ; ನಮ್ಮ ವಿಚಾರ ಅಷ್ಟು ದೊಡ್ಡದಲ್ಲ. ಆದರೂ ಅದೇ ರೀತಿ ಕೇಳಬಹುದು: ಈ ಪೆಟ್ಟಿಗೆಯಲ್ಲಿ ಹಳೆಯದಾದದ್ದು ಯಾವುದು?

ಲೆಕ್ಕ ಹಾಕುವ ಪ್ರೊಸೆಸರು ಇದೆ. 2014ರ ಸಾಧಾರಣ ಪ್ರೊಸೆಸರು ಕೂಡ ಸೆಕೆಂಡಿಗೆ ಸುಮಾರು ಮುನ್ನೂರು ಕೋಟಿ ಸಲ ಮಿಡಿಯುತ್ತದೆ. ಬರೆಯುವುದಕ್ಕೆ, ಓದುವುದಕ್ಕೆ, ಮನೆಯ ಲೆಕ್ಕಪತ್ರಕ್ಕೆ ಅದು ಇಂದಿಗೂ ಧಾರಾಳ. ಇನ್ನೊಂದು ಮೂಲೆಯಲ್ಲಿ ಹಾರ್ಡ್ ಡಿಸ್ಕು. ಅದು ತಿರುಗುವ ತಟ್ಟೆ. ಅದರ ಮೇಲೆ ಗ್ರಾಮಫೋನಿನ ತೋಳಿನಂತೆ ಆಚೆ ಈಚೆ ಸರಿಯುವ ಒಂದು ತೋಳು. 1956ರಲ್ಲಿ ಐಬಿಎಂ ಕಂಪನಿ ಹೊರತಂದ ‘ರಾಮಾಕ್’ ಯಂತ್ರದಲ್ಲಿ ಎರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದು, ಎಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಗಾತ್ರ ಕುಗ್ಗಿ ಹೊಟ್ಟೆ ಹಿಗ್ಗಿತಾದರೂ ತಿರುಗುವ ತಟ್ಟೆಯೂ ಸರಿಯುವ ತೋಳೂ ಹಾಗೆಯೇ ಉಳಿದುವು. ನಮ್ಮ ಡಿಸ್ಕು ನಿಮಿಷಕ್ಕೆ 7200 ಸುತ್ತು ಸುತ್ತುತ್ತದೆ. ತೋಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದು, ಬೇಕಾದ ಅಕ್ಷರ ಅದರಡಿಗೆ ಬರಲು ಸರಾಸರಿ ಹನ್ನೆರಡು ಹದಿಮೂರು ಮಿಲಿಸೆಕೆಂಡು ಬೇಕು. ನಮಗೆ ಅದು ಕಣ್ಣೆವೆ ಇಕ್ಕುವಷ್ಟೂ ಅಲ್ಲ. ಪ್ರೊಸೆಸರಿಗೆ ಮೂರೂವರೆ ಕೋಟಿ ಮಿಡಿತಗಳ ಕಾಯುವಿಕೆ. ಕಂಪ್ಯೂಟರು ಏಳುವಾಗ ಅಲ್ಲಲ್ಲಿ ಚದರಿದ ಸಾವಿರಾರು ಚಿಕ್ಕ ಕಡತಗಳನ್ನು ತರಬೇಕು. ವಿದ್ವಾಂಸರು ಮೇಜಿನ ಮುಂದೆ ಕೈಕಟ್ಟಿ ಕುಳಿತಿದ್ದಾರೆ, ಗ್ರಂಥಾಲಯದ ಜವಾನ ಒಂದೊಂದೇ ಹಾಳೆಗಾಗಿ ಮಹಡಿ ಹತ್ತಿ ಇಳಿಯುತ್ತಿದ್ದಾನೆ. ನಾವು ವಿದ್ವಾಂಸರಿಗೆ ಮುಪ್ಪಾಯಿತು ಎನ್ನುತ್ತೇವೆ!

ಎಸ್‌ಎಸ್‌ಡಿ ಎಂಬ ಹೊಸ ಸಂಗ್ರಹದಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ತೋಷಿಬಾ ಕಂಪನಿಯ ಫುಜಿಯೊ ಮಸುಓಕಾ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಷ್ ಸ್ಮೃತಿಯೇ ಅದರ ಮೂಲ. ಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟು ಅದು ಅಕ್ಷರ ಕಾಯುತ್ತದೆ. ಹುಡುಕಾಟಕ್ಕೆ ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ದೊರೆಯುತ್ತದೆ. ನಾಲ್ಕು ತಿರುಪು, ಎರಡು ಕೇಬಲ್ಲು, ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ಪ್ರತಿಮಾಡಲು ಒಂದೆರಡು ಗಂಟೆ. ಐದು ನಿಮಿಷಕ್ಕೆ ಏಳುತ್ತಿದ್ದ ಯಂತ್ರ ಅರ್ಧ ನಿಮಿಷಕ್ಕೆ ಎದ್ದು ಕೂರುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದೆಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಅಂಗಡಿಯ ಬಾಗಿಲಲ್ಲಿ ಮಾತ್ರ ಮರೆಯುತ್ತೇವೆ.

ಎಲ್ಲ ತೀರ್ಪೂ ಹೀಗೆ ಯಂತ್ರದೊಳಗಿನ ಕಾರಣದಿಂದ ಬರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ರ ನಿಯಮದಂತೆ 2017ಕ್ಕಿಂತ ಹಿಂದಿನ ಇಂಟೆಲ್ ಪ್ರೊಸೆಸರುಗಳು ಬಹುಮಟ್ಟಿಗೆ ಅನರ್ಹ. ಡಿಸ್ಕು ಬದಲಿಸಿ ಚುರುಕಾದ ಯಂತ್ರವೂ ಹೀಗೆ ಒಂದು ದಿನಾಂಕದಿಂದ ಹಳೆಯದಾಗುತ್ತದೆ. ಭದ್ರತೆಯ ಕಾರಣವನ್ನು ಕಂಪನಿ ಹೇಳುತ್ತದೆ, ಅದು ಪೊಳ್ಳು ಕಾರಣವೇನೂ ಅಲ್ಲ. ರಕ್ಷಣೆಯಿಲ್ಲದ ಯಂತ್ರವನ್ನು ಜಾಲಕ್ಕೆ ಸೇರಿಸಿಟ್ಟರೆ ಕೇಡು ನಮ್ಮೊಬ್ಬರಿಗೇ ಅಲ್ಲ. ಆದರೆ ಲಿನಕ್ಸ್ ಎಂಬ ದಾರಿ ತೆರೆದಿದೆ. ಯುನಿಕೋಡಿನ ಕನ್ನಡ ಅಲ್ಲಿಯೂ ಸೊಗಸಾಗಿ ಬರುತ್ತದೆ. ಕಲಿಯಲು ಕೆಲವು ದಿನ ಹಿಡಿದೀತು. ಆ ಕೆಲವು ದಿನದ ಬೇಸರಕ್ಕೂ ಒಂದು ಯಂತ್ರದ ಉಕ್ಕು, ತಾಮ್ರ, ಚೂರು ಚಿನ್ನಕ್ಕೂ ತೂಕ ಹಾಕಿ ನೋಡುವ ಕೆಲಸವನ್ನಾದರೂ ನಾವು ಮಾಡಬೇಡವೆ?

ಇಲ್ಲಿ ಮಿತವ್ಯಯವೂ ಆತ್ಮವಂಚನೆಯಾಗಬಲ್ಲದು. ತಾನು ಹೊಸದನ್ನಿಟ್ಟುಕೊಂಡು, ಗುಮಾಸ್ತನನ್ನು ತೂಕಡಿಸುವ ಯಂತ್ರದ ಮುಂದೆ ಕೂರಿಸಿ ಸರಳತೆಯ ಉಪದೇಶ ಮಾಡುವ ಯಜಮಾನನನ್ನು ನಾನು ಮಿತವ್ಯಯಿ ಎನ್ನಲಾರೆ. ಅದಕ್ಕಿಂತ ಸೂಕ್ಷ್ಮವಾದುದು ದಾನದ ಪ್ರಶ್ನೆ. ಕಠೋಪನಿಷತ್ತಿನ ಬಾಲಕ ನಚಿಕೇತನು, ತಂದೆ ಯಜ್ಞದಲ್ಲಿ ದಾನ ಕೊಡುತ್ತಿದ್ದ ಹಸುಗಳನ್ನು ಕಂಡು ಕಳವಳಗೊಂಡನು. ಅವು ಕೊನೆಯ ನೀರು ಕುಡಿದು, ಕೊನೆಯ ಹುಲ್ಲು ಮೇಯ್ದು, ಕೊನೆಯ ಹಾಲು ಕೊಟ್ಟು ಮುಗಿಸಿದ್ದ ಹಸುಗಳು. ನಾವು ಹಾಸ್ಟೆಲಿನ ಬಡ ವಿದ್ಯಾರ್ಥಿಗೆ ‘ಉಪಯೋಗಕ್ಕೆ ಬಂದೀತು’ ಎಂದು ಕೊಡುವ ಕಂಪ್ಯೂಟರು ಎಷ್ಟೋ ಸಲ ಅಂಥ ಹಸುವೇ. ನಮಗೆ ಸಹಿಸಲಾಗದ ಐದು ನಿಮಿಷಗಳನ್ನು ಆ ಹುಡುಗ ದಿನಕ್ಕೆ ಹತ್ತು ಸಲ ಸಹಿಸಲಿ ಎಂದು ಕೊಟ್ಟದ್ದು. ಕೊಡುವ ಮೊದಲು ನಮ್ಮ ಖರ್ಚಿನಲ್ಲಿ ಡಿಸ್ಕು ಬದಲಿಸಿದರೆ ಅದು ಹಾಲು ಕೊಡುವ ಹಸುವಾಗುತ್ತದೆ. ಬೇರೆಯವರಿಗೆ ಕೊಡುವುದಕ್ಕಾಗಿಯೇ ಹಣ ಹಾಕುವುದು ನಮ್ಮಲ್ಲಿ ಹಲವರಿಗೆ ಯಾಕೋ ಕಷ್ಟ. ಬೇಡವಾದದ್ದನ್ನು ಕೊಡುವುದು ಸುಲಭ.

ಇನ್ನು, ಹೊರತೆಗೆದ ಹಾರ್ಡ್ ಡಿಸ್ಕಿನ ಮಾತು. ಇಷ್ಟು ಹೊತ್ತು ಅದನ್ನೇ ಅಪರಾಧಿಯೆಂದು ನಿಲ್ಲಿಸಿದೆವು. ಅದೂ ಅವಸರದ ತೀರ್ಪೇ. ಅವಸರವಿಲ್ಲದ ಕೆಲಸಕ್ಕೆ ಅದರ ನಿಧಾನ ದೋಷವಲ್ಲ. ಎಸ್‌ಎಸ್‌ಡಿಯನ್ನು ವಿದ್ಯುತ್ತಿಲ್ಲದೆ ಬಹುಕಾಲ ಇಟ್ಟರೆ ಕೋಶಗಳ ಎಲೆಕ್ಟ್ರಾನುಗಳು ಸೋರಿಹೋಗಿ ಅಕ್ಷರ ಅಳಿಸಬಹುದು. ಕಾಂತದ ಗುರುತು ಆ ರೀತಿ ಸೋರುವುದಿಲ್ಲ. ಡಿಸ್ಕು ಇನ್ನೂ ಗಟ್ಟಿಯಾಗಿದ್ದರೆ ಒಂದು ಹೊರಕವಚಕ್ಕೆ ಹಾಕಿ, ಮಕ್ಕಳ ಫೋಟೋಗಳ, ಬರೆದಿಟ್ಟ ಕಾಗದಪತ್ರಗಳ ಎರಡನೆಯ ಪ್ರತಿಯನ್ನು ಅದರಲ್ಲಿಡಬಹುದು. ಆರು ತಿಂಗಳಿಗೊಮ್ಮೆ ತೆಗೆದು ಹತ್ತು ನಿಮಿಷ ತಿರುಗಿಸಿದರಾಯಿತು.